ಕರಿಮಜ್ಜಿಗೆ

ಮಾಯಸಂದ್ರ ಹೋಬಳಿ, ನಮ್ಮೂರು, ಮೇಲಿನ ಬೀದಿ
ದಿನಾಂಕ: 9-2-2025, ಭಾನುವಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತೆಂಗಿನ ಲೋಕಗಳ ಏಕಚ್ಛತ್ರಾಧಿಪತಿಯೂ, ಅಮ್ಮಸಂದ್ರದ ಎಲ್‌ಕೆಜಿ ಮಕ್ಕಳ ಪಾಲಿನ ಭಯಂಕರಿಯೂ, ಏಳನೇ ಕ್ಲಾಸಿನಲ್ಲಿ ನನ್ನ ಜಡೆಯನ್ನು ಬೆಂಚಿಗೆ ಕಟ್ಟಿ ಚರಿತ್ರೆ ಸೃಷ್ಟಿಸಿದ ವೀರವನಿತೆಯೂ, ಸದ್ಯಕ್ಕೆ ನನ್ನ ನಂಬರನ್ನು ಬ್ಲಾಕ್ ಮಾಡಿ ಕೃತಾರ್ಥಳಾಗಿರುವವಳೂ ಆದ ಶ್ರೀಮತ್ ಗಂಗಲಕ್ಷ್ಮೀದೇವಿಯವರ ದಿವ್ಯ ಸನ್ನಿಧಾನಕ್ಕೆ, ನಿಸರ್ಗ ಎಂಬ ಕಿಂಕರಿಯು ನೆಲಕ್ಕೆ ಹಣೆ ತಾಗಿಸಿ ಬಿನ್ನವಿಸಿಕೊಳ್ಳುವುದೇನೆಂದರೆ,

ಗಂಗಿ, ಹರಿಯಬೇಡ. ಹರಿಯುವುದಾದರೆ ಓದಿ ಹರಿ. ನಾಳೆ ಬೆಳಿಗ್ಗೆ ಇದನ್ನು ನಿನ್ನ ಬಸ್ಸಿನ ಕಂಡಕ್ಟರ್ ಶ್ರೀನಿವಾಸನ ಕೈಗೆ ಕೊಟ್ಟು, ಒಳಗೆ ಗಂಡಿನ ಜಾತಕ ಇದೆ, ಜೋಪಾನ ಎಂದು ಹೇಳುವವಳಿದ್ದೇನೆ. ಆದ್ದರಿಂದ ಕೊಡುವಾಗ ಅವನು ಹಲ್ಲು ಕಿರಿದರೆ ಅದು ಅವನ ಅಪರಾಧವಲ್ಲ.

ಬಿರುದು ಬಾವಲಿ ಇಲ್ಲಿಗೆ ಮುಗಿಯಿತು. ಈಗ ಕೇಳು. ಸಂಜೆ ಮನೆಗೆ ಹೋದ ತಕ್ಷಣ, ಬ್ಯಾಗು ಕೆಳಗಿಡುವ ಮುಂಚೆ, ನಿನ್ನಮ್ಮ ಮಂಜತ್ತೆಯ ಬಾಯಿ ತೆಗೆಸಿ ನಾಲಿಗೆ ನೋಡು. ಅಂಚು ಕಪ್ಪಗಿರುತ್ತದೆ. ಆಮೇಲೆ ಅವರ ಸೆರಗಿನ ಗಂಟು ಬಿಚ್ಚು. ನೀನು ದಿನಾ ಬೆಳಿಗ್ಗೆ ಕೈಗೆ ಕೊಟ್ಟು ಬಸ್ಸಿಗೆ ಓಡುತ್ತೀಯಲ್ಲ, ಆ ಹೊಟ್ಟೆಯ ಕ್ಯಾಪ್ಸೂಲ್‌ಗಳು ಅದರಲ್ಲಿ ಸಿಗುತ್ತವೆ. ಶುಕ್ರವಾರ ನಾಲ್ಕಿದ್ದವು. ನೀನು ಇದನ್ನು ಓದುವ ಹೊತ್ತಿಗೆ ಏಳಾಗಿರುತ್ತವೆ.

ನಿನ್ನ ಅಮ್ಮ ಆಸ್ಪತ್ರೆಯಿಂದ ಬಂದ ಮೇಲೂ ನಮ್ಮ ಅಜ್ಜಿಯ ಕರಿಮಜ್ಜಿಗೆಯನ್ನೇ ಕುಡಿಯುತ್ತಿದ್ದಾರೆ. ಅದರಲ್ಲಿ ಔಷಧಿಯೇ ಇಲ್ಲ ಗಂಗಿ. ಅದು ನನಗೆ ಮೊದಲಿಂದಲೂ ಗೊತ್ತು. ಮಂಜತ್ತೆಗೆ ಬಾಯಿಬಿಟ್ಟು ಹೇಳಿದೆ, ನಂಬಲಿಲ್ಲ. ನೀನಾದರೂ ನಂಬುತ್ತೀಯೇನೋ ಅಂತ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಅಜ್ಜಿ ಹನ್ನೊಂದು ವರ್ಷ ಎದೆಯುರಿಯ ಕ್ಯಾಪ್ಸೂಲ್ ನುಂಗಿದವಳು. ಬೆಳಿಗ್ಗೆ ಎದ್ದು ವಿಭೂತಿ ಇಟ್ಟುಕೊಂಡು, ಒಂದು ಕ್ಯಾಪ್ಸೂಲ್ ಹಾಕಿಕೊಂಡು, ಅರ್ಧ ಗಂಟೆ ಯಾರನ್ನೂ ಬೈಯದೆ ಕೂರುವುದು ಅವಳ ನಿತ್ಯಕರ್ಮ. ಹೋದ ಗೌರಿಹಬ್ಬದ ಹೊತ್ತಿಗೆ ಟೀವಿಯಲ್ಲಿ ಯಾರೋ ಕೋಟು ಹಾಕಿಕೊಂಡವರು ಬಂದು, ಈ ಮಾತ್ರೆ ವರ್ಷಗಟ್ಟಲೆ ತಿಂದರೆ ಮೂಳೆ ಬಿಸ್ಕತ್ತಾಗುತ್ತದೆ ಎಂದರಂತೆ. ಸಾಲದ್ದಕ್ಕೆ ಮೆಡಿಕಲ್ ಸ್ಟೋರಿನ ಚೀಟಿ ಕಂಡಾಗಲೆಲ್ಲ ಅಪ್ಪ ಕೆಮ್ಮುವ ಕೆಮ್ಮೂ ಅವಳಿಗೆ ಅರ್ಥವಾಗುತ್ತಿತ್ತು. ಅವಳನ್ನು ತುರುವೇಕೆರೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಆ ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ಡೋಸು ಇಳಿಸಬಹುದೇನೋ ನೋಡೋಣ, ಆದರೆ ಮೆಲ್ಲಗೆ. ಒಂದೇ ಸಲ ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಕತ್ತಲಾಗುವ ಮುಂಚೆ ಊಟ ಮುಗಿಸಿ, ಉಂಡ ತಕ್ಷಣ ಮಲಗಬೇಡಿ, ಮಂಚದ ತಲೆ ಕಡೆ ಎರಡು ಇಟ್ಟಿಗೆ ಕೊಡಿ. ದುಡ್ಡಿನ ಯೋಚನೆಯಾದರೆ ಇದೇ ಔಷಧಿ ಜನೌಷಧಿ ಅಂಗಡಿಯಲ್ಲಿ ಕಾಲು ಭಾಗಕ್ಕೂ ಕಡಿಮೆಗೆ ಸಿಗುತ್ತದೆ. ಇಷ್ಟರಲ್ಲಿ ಅಜ್ಜಿಯ ಕಿವಿಗೆ ಬಿದ್ದದ್ದು ‘ಬಿಟ್ಟರೆ’ ಎಂಬ ಒಂದೇ ಪದ. ಬಸ್ಸಿಳಿದವಳೇ ಉಳಿದಿದ್ದ ಶೀಟನ್ನು ಬಚ್ಚಲೊಲೆಗೆ ಹಾಕಿದಳು.

ಅವತ್ತಿನಿಂದ ಶುರುವಾದದ್ದು ಅವಳ ತವರಿನ ಮದ್ದು. ನಿನಗೆ ಗೊತ್ತಿರುವುದೇ. ಬರಿಹೊಟ್ಟೆಗೆ ಎರಡು ಚಮಚ ಎಳೆಗಾಯಿ ತಿರುಳು. ಅರ್ಧ ಗಂಟೆ ಬಿಟ್ಟು ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆ, ಅದಕ್ಕೆ ಜೀರಿಗೆ, ಮತ್ತೆ ತೆಂಗಿನ ಚಿಪ್ಪು ಸುಟ್ಟು ಕುಟ್ಟಿ ಬಟ್ಟೆಯಲ್ಲಿ ಸೋಸಿದ ಇದ್ದಿಲ ಪುಡಿ ಒಂದು ಚಿಟಿಕೆ. ಕೊಬ್ಬರಿಗೆಂದು ಬಿಟ್ಟ ಮರದಿಂದ ಎಳೆಗಾಯಿ ಕೀಳುವುದು ನಮ್ಮ ಕಡೆ ಎಂಥ ಮಹಾಪಾಪ ಎಂಬುದೂ ನಿನಗೆ ಗೊತ್ತು. ಅಪ್ಪ ಮರದ ಕೆಳಗೆ ನಿಂತು, ಅವ್ವ, ಅದು ವರ್ಷ ಕಳೆದ್ರೆ ಕೊಬ್ಬರಿ ಆಗೋ ಕಾಯಿ ಕಣವ್ವ ಎಂದು ಗೋಳಾಡಿದ. ಅಜ್ಜಿ, ನಾನು ವರ್ಷ ಕಳೆದ್ರೆ ಏನಾಗ್ತೀನೋ ಅದ್ನೂ ಒಸಿ ಯೋಚ್ನೆ ಮಾಡ್ಲಾ ಎಂದಳು. ಅಪ್ಪ ತೆಪ್ಪಗೆ ಮರ ಹತ್ತುವವನನ್ನು ಕರೆಯಲು ಹೋದ.

ಎಂಟು ದಿನ ಅವಳು ಪಟ್ಟ ಪಾಡು ನಾನು ನೋಡಿದೆ. ಮುದ್ದೆ ಮುರಿದು ತಟ್ಟೆಯಂಚಿಗೆ ಇಡುವಳು, ನುಂಗಲಾರಳು. ಹುಳಿನೀರು ಗಂಟಲಿಗೆ ಬಂದರೆ ಗೋಡೆ ಕಡೆ ತಿರುಗುವಳು. ಕೇಳಿದರೆ, ಮದ್ದು ಒಳಗೆ ಕೆಲಸ ಮಾಡ್ತಾ ಐತೆ ಕಣೇ, ಅದ್ಕೇ ಉರಿ ಎನ್ನುವಳು. ಒಂಬತ್ತನೇ ದಿನ ನಾನು ತಿಪಟೂರಿಗೆ ಹೋಗಿ ಜನೌಷಧಿ ಅಂಗಡಿಯಲ್ಲಿ ಅದೇ ಕ್ಯಾಪ್ಸೂಲ್ ತಂದೆ. ಬಿಚ್ಚಿದರೆ ಒಳಗೆ ಬಿಳೀ ಸಾಸಿವೆಯಂಥ ಕಾಳು. ಎಳೆಗಾಯಿ ತಿರುಳಿನಲ್ಲಿ ಕಲಸಿದರೆ ಬ್ರಹ್ಮನಿಗೂ ಕಾಣುವುದಿಲ್ಲ. ಹಲ್ಲಿಲ್ಲದ ಅಜ್ಜಿ ಅಗಿಯದೆ ನುಂಗಿದಳು. ಮೂರನೇ ದಿನಕ್ಕೆ ಮುದ್ದೆ ಉಂಡಳು. ಐದನೇ ದಿನಕ್ಕೆ ಅಮ್ಮನನ್ನು ಬೈದಳು. ಮನೆ ಮನೆಯಾಯಿತು.

ಆಣೆ ಮಾಡಿ ಹೇಳುತ್ತೇನೆ, ನಾನು ಅದನ್ನು ಒಂದು ಹುಡುಗಾಟ ಎಂದೇ ಇಟ್ಟುಕೊಂಡಿದ್ದೆ. ಯುಗಾದಿಯ ದಿನ ಹೋಳಿಗೆ ಬಡಿಸಿ, ಎಲ್ಲರ ಮುಂದೆ ಖಾಲಿ ಶೀಟುಗಳ ಹಾರವನ್ನು ಅಜ್ಜಿಯ ಕೊರಳಿಗೆ ಹಾಕಿ, ನಾರಿಕೇಳ ಧನ್ವಂತರಿ ಎಂಬ ಬಿರುದು ಕೊಡುವುದು ನನ್ನ ಯೋಜನೆ. ಹಾರ ಅರ್ಧ ಪೋಣಿಸಿಯೂ ಇದ್ದೆ. ನೀನು ನೋಡಿದರೆ ಬಿದ್ದು ಬಿದ್ದು ನಗುತ್ತೀಯ ಅಂತ ನಿನ್ನನ್ನೂ ಕರೆಯುವವಳಿದ್ದೆ.

ಅಷ್ಟರಲ್ಲಿ ಭೈರಮ್ಮ ಬಂದಳು. ಪಕ್ಕದ ಮನೆಯವಳಲ್ಲವೇ, ಅಜ್ಜಿ ಮುದ್ದೆ ಉಣ್ಣುವುದು ಅವಳ ಕಣ್ಣಿಗೆ ಬಿತ್ತು. ಅವಳಿಗೂ ಎದೆಯುರಿ. ಅವಳ ಹಿಂದೆ ಅವಳ ನಾದಿನಿ. ದೀಪಾವಳಿ ಹೊತ್ತಿಗೆ ನಮ್ಮ ಜಗುಲಿಯ ಮೇಲೆ ದಿನಕ್ಕೆ ನಾಲ್ಕೈದು ಜನ. ಗಂಗಿ, ಅಜ್ಜಿಯನ್ನು ಜನ್ಮದಲ್ಲಿ ಯಾರಾದರೂ ಏನಾದರೂ ಕೇಳಿದ್ದರೆ, ಬೀರುವಿನ ಕೀಲಿ ಎಲ್ಲಿ ಅಂತ ಕೇಳಿದ್ದರಷ್ಟೆ. ಈಗ ಅವಳು ಇಸ್ತ್ರಿ ಸೀರೆ ಉಟ್ಟು ಕೂರುವಳು. ಬಂದವರ ಕೈ ಹಿಡಿದು, ಉರಿ ಎಲ್ಲಿ ಕಣವ್ವ, ಎದೆ ಮಧ್ಯಕ್ಕೋ ಗಂಟಲಿಗೋ ಎಂದು ವಿಚಾರಿಸುವಳು. ಚಿಪ್ಪಿನ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುವಳು, ಪುಕ್ಕಟೆ. ಆ ಮುಖ ನೋಡುತ್ತ ಖಾಲಿ ಶೀಟಿನ ಹಾರ ತರುವುದು ಹೇಗೆ ಹೇಳು. ದಿನಾ ಬೆಳಿಗ್ಗೆ ಅವಳೊಬ್ಬಳ ಚಮಚಕ್ಕೆ ಮಾತ್ರ ಕಾಳು ಹಾಕುತ್ತ, ಬಾಯಿ ಮುಚ್ಚಿಕೊಂಡು ಇದ್ದೆ. ಉಳಿದವರಿಗೆ ಎದೆಯುರಿ ಏನು ಮಹಾ, ಮಜ್ಜಿಗೆ ಕುಡಿದರೆ ಒಳ್ಳೆಯದೇ ಅಂದುಕೊಂಡೆ.

ಪೊಟ್ಟಣದ ಜೊತೆ ಕೊಡಲು ಒಂದು ಹಾಳೆ ಇದ್ದರೆ ಚೆನ್ನ ಎಂದವಳು ಭೈರಮ್ಮ. ಬರೆದವಳು ನಾನು. ‘ಶ್ರೀ ಸಿದ್ದಗಂಗಮ್ಮನವರ ಕರಿಮಜ್ಜಿಗೆ: ಸೇವನಾ ವಿಧಿ’ ಎಂದು ಅಜ್ಜಿಯ ಹೆಸರಿನಲ್ಲೇ ದಪ್ಪಕ್ಷರದ ತಲೆಬರಹ, ಕೆಳಗೆ ಆರು ನಿಯಮ, ಸುತ್ತ ಬಳ್ಳಿಯ ಚಿತ್ತಾರ, ಐವತ್ತು ಪ್ರತಿ. ಪೂರ್ವಾಭಿಮುಖವಾಗಿ ಕುಳಿತು ಸೇವಿಸತಕ್ಕದ್ದು ಎಂಬ ಒಂದನೇ ನಿಯಮವೂ, ಸೇವನೆಯ ನಂತರ ಅರ್ಧ ಗಂಟೆ ಸೊಸೆಯನ್ನು ಬೈಯತಕ್ಕದ್ದಲ್ಲ ಎಂಬ ನಾಲ್ಕನೆಯದೂ ನನ್ನ ಕಿಡಿಗೇಡಿತನ, ಒಪ್ಪಿಕೊಳ್ಳುತ್ತೇನೆ. ಉಳಿದವು ಅಜ್ಜಿ ಹೇಳಿದ್ದು, ನಾನು ಬರೆದುಕೊಂಡಿದ್ದು. ಆರನೆಯದು ನಿನಗೆ ಬಾಯಿಪಾಠ ಬಂದಿರಬೇಕು. ‘ಕಪ್ಪಗೆ ಹೋದರೆ ಹೆದರತಕ್ಕದ್ದಲ್ಲ, ಯಾರಿಗೂ ಹೇಳತಕ್ಕದ್ದೂ ಅಲ್ಲ. ಒಳಗಿನ ಕಿಲುಬು ಚಿಪ್ಪಿನ ಕರಿಯೊಡನೆ ಹೊರಡುತ್ತಿದೆ ಎಂದು ತಿಳಿಯತಕ್ಕದ್ದು.’

ಮಂಜತ್ತೆ ದೀಪಾವಳಿಯ ಮಾರನೇ ವಾರ ಬಂದರು. ಶೆಡ್ಡಿನಲ್ಲಿ ದಿನವಿಡೀ ನೆಲದ ಮೇಲೆ ಕೂತು ಕೊಬ್ಬರಿಯ ಚಿಪ್ಪು ಬಿಡಿಸಿ ಬಿಡಿಸಿ ಮಂಡಿ ಹೋಗಿತ್ತು, ಅದಕ್ಕೆ ಎರಡು ಹೊತ್ತು ನೋವಿನ ಮಾತ್ರೆ. ಆ ನೋವಿನ ಮಾತ್ರೆ ಹೊಟ್ಟೆಯನ್ನು ಕೊರೆಯದ ಹಾಗೆ ಕಾಯುವುದಕ್ಕೇ ಡಾಕ್ಟರು ಕ್ಯಾಪ್ಸೂಲ್ ಕೊಟ್ಟಿದ್ದರು ಎಂದು ಅವರಿಗೆ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಎದೆಯುರಿಯದ್ದು ಬಿಟ್ಟರು, ಮಂಡಿಯದ್ದು ಮುಂದುವರಿಸಿದರು. ನಾನು ಪೊಟ್ಟಣ ಕೊಡುತ್ತ, ಚಿಪ್ಪು ಬಿಡಿಸೋರಿಗೆ ಚಿಪ್ಪೇ ಮದ್ದು, ಎಂಥಾ ಯೋಗ ನೋಡತ್ತೆ ಎಂದೆ. ಇಬ್ಬರೂ ನಕ್ಕೆವು.

ಸಂಕ್ರಾಂತಿಯ ನಂತರ ಅವರಿಗೆ ಆರು ದಿನ ಕಪ್ಪಗೆ, ಟಾರಿನ ಹಾಗೆ ಹೋಗಿದೆ. ಆರು ದಿನ. ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದರಂತೆ. ತಲೆ ತಿರುಗಿದರೂ ಯಾರಿಗೂ ಹೇಳಲಿಲ್ಲ. ಕಿಲುಬು ಹೊರಡುತ್ತಿದೆ ಎಂದು ಖುಷಿಯಾಗಿಯೇ ಇದ್ದರು. ಏಳನೇ ದಿನ ಕೊಬ್ಬರಿ ರಾಶಿಯ ಪಕ್ಕದಲ್ಲಿ ಬಿದ್ದರು. ಮಿಕ್ಕಿದ್ದು ನೀನು ನೋಡಿದ್ದೀಯ. ತುಮಕೂರಿನ ಆಸ್ಪತ್ರೆ, ನಾಲ್ಕು ಬಾಟಲಿ ರಕ್ತ, ಹೊಟ್ಟೆಯೊಳಗಿನ ಹುಣ್ಣು. ಅದರಿಂದ ಸೋರಿದ ರಕ್ತವೇ ಕಪ್ಪಗೆ ಹೋಗುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಶ್ರೀನಿವಾಸ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ. ನಾನೂ ಕೇಳಿಸಿಕೊಂಡೆ.

ಮೂರನೇ ದಿನ ನೀನು ಬಟ್ಟೆ ತಗೊಂಡು ಹೋಗಲು ಊರಿಗೆ ಬಂದವಳು ನಮ್ಮ ಜಗುಲಿ ಹತ್ತಿದೆ. ಪೊಟ್ಟಣಗಳನ್ನು ಅಜ್ಜಿಯ ಕಾಲ ಬುಡಕ್ಕೆ ಎಸೆದೆ. ಇಸ್ತ್ರಿ ಸೀರೆ ಕರ್ರಗಾಯಿತು. ಕಪ್ಪಗೆ ಹೋದ್ರೆ ಹೆದರಬೇಡಿ, ಯಾರಿಗೂ ಹೇಳಬೇಡಿ ಅಂದೋಳು ನೀನೇ ತಾನೆ ಅಜ್ಜಿ ಎಂದು ಕೇಳಿದೆ. ಅಜ್ಜಿ ಹಂಗಂದ್ನಾ ಎಂದಳು. ಹಾಳೇಲಿ ಐತಲ್ಲ ಎಂದೆ ನೀನು. ಹಾಳೇಲಿದ್ರೆ ಅಂದಿರ್ತೀನಿ ಕಣವ್ವ, ವಯಸ್ಸಾಯ್ತು, ಗ್ಯಾಪ್ಕ ಇರಲ್ಲ, ತಪ್ಪಾಯ್ತು ಎಂದು ಕೈ ಮುಗಿದಳು. ಎಪ್ಪತ್ತರ ಮುದುಕಿ ನಿನಗೆ ಕೈ ಮುಗಿದದ್ದು ನೋಡಿ ನೀನೂ ಅತ್ತುಬಿಟ್ಟೆ. ನಾನು ಬಾಗಿಲ ಹಿಂದೆ ಇದ್ದೆ. ಒಂದು ಹೆಜ್ಜೆ ಈಚೆ ಬರಬೇಕಿತ್ತು. ಬರಲಿಲ್ಲ.

ಅವತ್ತಿನಿಂದ ಜಗುಲಿ ಖಾಲಿ. ಅಜ್ಜಿ ಹೊರಗೆ ಕೂರುವುದಿಲ್ಲ. ಮೊನ್ನೆ ಬುಧವಾರ ನಾನು ಕ್ಯಾಪ್ಸೂಲ್ ಕಾಳಿನ ವಿಷಯ ಅವಳಿಗೆ ಹೇಳಿಬಿಟ್ಟೆ. ಬೈಯುತ್ತಾಳೆ, ಪೊರಕೆ ತಗೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಂಗಾದ್ರೆ ನನ್ನ ಕೈಗುಣ ಅನ್ನೋದು ಏನೂ ಇರ್ನಿಲ್ಲ ಅನ್ನು ಎಂದಳು, ಅಷ್ಟೇ. ಅಂದಿನಿಂದ ತಿರುಳೂ ಇಲ್ಲ, ಮಜ್ಜಿಗೆಯೂ ಇಲ್ಲ, ಕ್ಯಾಪ್ಸೂಲೂ ಇಲ್ಲ. ಅಂಗೈಯಲ್ಲಿಟ್ಟು ಕೊಟ್ಟರೆ ಮುಷ್ಟಿ ಬಿಗಿ ಹಿಡಿಯುತ್ತಾಳೆ. ಮಂಜಿಗೆ ಆದದ್ದು ನನಗೂ ಆಗ್ಲಿ ಬುಡು ಎನ್ನುತ್ತಾಳೆ. ಉರಿ ಪೂರ್ತಿ ತಿರುಗಿ ಬಂದಿದೆ. ನಾಲ್ಕು ದಿನದಿಂದ ಗಂಜಿ ಬಿಟ್ಟರೆ ಏನೂ ಇಳಿದಿಲ್ಲ, ಅದೂ ಅರ್ಧ ಲೋಟ. ಈಗ ಗೋಡೆ ಕಡೆ ತಿರುಗುವ ಗೋಜಿಗೂ ಹೋಗುವುದಿಲ್ಲ, ನಮ್ಮೆದುರೇ ಎದೆ ಹಿಡಿದುಕೊಂಡು ಕೂರುತ್ತಾಳೆ.

ಶುಕ್ರವಾರ ಧೈರ್ಯ ಮಾಡಿ, ನೀನು ಸ್ಕೂಲಿಗೆ ಹೋದ ಮೇಲೆ, ನಿಮ್ಮ ಮನೆಗೆ ಹೋದೆ. ಮಂಜತ್ತೆ ಮಂಚದ ಮೇಲಿದ್ದರು. ಕೈ ಎಷ್ಟು ಬಿಳಿಚಿಕೊಂಡಿದೆ ಗಂಗಿ. ನನ್ನನ್ನು ಬೈಯಲೂ ಇಲ್ಲ, ಬಾರೇ ಕೋತಿ ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಕ್ಯಾಪ್ಸೂಲ್ ಬಿಚ್ಚಿ ತಿರುಳಿಗೆ ಹಾಕಿದ್ದು, ಅಜ್ಜಿಗೆ ಗುಣವಾದದ್ದು ಅದರಿಂದ, ಮಜ್ಜಿಗೆಯಿಂದಲ್ಲ, ಎಲ್ಲ ಹೇಳಿದೆ. ಹೇಳುತ್ತ ನಾನು ಅಳುತ್ತಿದ್ದೆ. ಅವರು ನಗತೊಡಗಿದರು. ಹೊಟ್ಟೆ ನೋಯುತ್ತದೆಂದು ಕೈ ಒತ್ತಿ ಹಿಡಿದುಕೊಂಡು ನಕ್ಕರು. ಲೇ, ನಮ್ಮ ಎಮ್ಮೆಗೆ ಆಧಾರ್ ಕಾರ್ಡ್ ಬಂದೈತೆ ಅಂತ ನನ್ನ ಪಂಚಾಯ್ತಿಗೆ ಓಡ್ಸಿದ್ದೋಳು ನೀನೇ ಅಲ್ವೇನೆ ಎಂದರು. ಅವತ್ತೂ ಹಿಂಗೇ ಕಣ್ಣಲ್ಲಿ ನೀರು ತಂದ್ಕೊಂಡಿದ್ದೆ ಕಣೇ. ಗಂಗಿ ಹೇಳಿ ಕಳ್ಸಿದ್ಲಾ ನಿನ್ನ, ಮಾತ್ರೆ ನುಂಗ್ಸು ಅಂತ?

ಅತ್ತೆ, ದೇವರಾಣೆ ಎಂದೆ. ಎಮ್ಮೆ ವಿಷಯದಲ್ಲೂ ದೇವರಾಣೆ ಅಂದಿದ್ದೆ ಎಂದರು. ಅದೂ ನಿಜವೇ.

ಆಮೇಲೆ ಬಾಗಿಲ ಕಡೆ ನೋಡಿಕೊಂಡು ಸೆರಗಿನ ಗಂಟು ಬಿಚ್ಚಿ ತೋರಿಸಿದರು, ಕದ್ದ ಮಾವಿನಕಾಯಿ ತೋರಿಸುವ ಹಾಗೆ. ಸಿದ್ದಗಂಗಮ್ಮನ ಮದ್ದು ಸುಳ್ಳಲ್ಲ ಕಣೇ, ನಾನೇ ಪಥ್ಯ ಕೆಡಿಸ್ದೆ, ಪೂರ್ವಕ್ಕೆ ಮುಖ ಮಾಡಿ ಒಂದಿನಾನೂ ಕೂರ್ಲಿಲ್ಲ, ನಮ್ಮ ಅಡುಗೆಮನೇಲಿ ಜಾಗ ಇಲ್ವಲ್ಲ ಎಂದರು. ಈಗ ಜಾಗ ಮಾಡಿಕೊಂಡಿದ್ದಾರಂತೆ. ಹಳೇ ಪೊಟ್ಟಣ ಎರಡು ಉಳಿದಿದ್ದವಂತೆ, ಹುರುಳಿ ಡಬ್ಬದ ಹಿಂದೆ. ಮುಗೀತಾ ಬಂತು, ಗಂಗಿಗೆ ಗೊತ್ತಾಗ್ದಂಗೆ ಇನ್ನೊಂದೆರಡು ತಂದ್ಕೊಡ್ತೀಯಾ ಎಂದು ನನ್ನನ್ನೇ ಕೇಳಿದರು. ಜನ್ಮಪೂರ್ತಿ ಮಾತ್ರೆ ನುಂಗ್ತಾ ಕೂತ್ರೆ ಆ ಹುಡುಗಿ ಸಂಬಳ ಎಲ್ಲ ಮೆಡಿಕಲ್ ಸ್ಟೋರಿಗೇ ಹೋಗ್ತದೆ, ಅವಳಿಗೊಂದು ಮದುವೆ ಬ್ಯಾಡ್ವಾ ಎಂದರು. ಮಾತಾಡುವಾಗ ನಾಲಿಗೆ ಕಂಡಿತು. ಹಲ್ಲಿನ ಸಂದಿಯಲ್ಲೂ ಕಪ್ಪು.

ಹಾಗಾಗಿ ಗಂಗಿ, ಪೂರ್ವದಿಕ್ಕು ನಾನು ತಮಾಷೆಗೆ ಬರೆದದ್ದು ಎಂದು ನೀನೇ ಅವರಿಗೆ ಹೇಳು. ನೀನು ಹೇಳಿದರೆ ನಂಬುತ್ತಾರೆ, ನೀನು ಯಾವತ್ತೂ ಯಾರಿಗೂ ಸುಳ್ಳು ಹೇಳಿದವಳಲ್ಲ. ಹುರುಳಿ ಡಬ್ಬದ ಹಿಂದೆ ಕೈ ಹಾಕು. ಕ್ಯಾಪ್ಸೂಲ್ ಕೈಗೆ ಕೊಡಬೇಡ, ಎದುರು ನಿಂತು ನುಂಗಿಸು, ಬಸ್ಸು ಹೋದರೂ ಹೋಗಲಿ. ಮತ್ತೆ ಕಪ್ಪಗೆ ಕಂಡರೆ ಒಂದು ಗಳಿಗೆಯೂ ಕಾಯದೆ ತುಮಕೂರಿಗೆ ಹೊರಡು. ಜನೌಷಧಿ ಅಂಗಡಿಯದ್ದೂ ಅದೇ ಔಷಧಿಯೇ, ಡಾಕ್ಟರನ್ನು ಕೇಳಿಯೇ ತಗೋ. ದುಡ್ಡಿನ ಭಯ ಅವರಿಗೆ ಹೋದರೆ ಅರ್ಧ ಹಟ ಹೋಗುತ್ತದೆ.

ಪೊಟ್ಟಣ ಒಯ್ದ ಉಳಿದ ಮನೆಗಳಿಗೂ ನಿನ್ನೆ ಹೋಗಿ ಬಂದೆ. ಭೈರಮ್ಮ, ಇದ್ಯಾವ ಹೊಸಾ ಆಟನೇ ಎಂದಳು. ಅವಳ ನಾದಿನಿ ಒಂದು ಲೋಟ ಕಾಫಿ ಕೊಟ್ಟು, ಮುಂದೇನಾಯ್ತು ಹೇಳು ಎಂದು ಕತೆ ಕೇಳುವ ಹಾಗೆ ಕೂತಳು. ಊರೆಲ್ಲ ನಗಿಸಿಕೊಂಡು ತಿರುಗಿದ್ದಕ್ಕೆ ಇಷ್ಟು ಮರ್ಯಾದೆ ನನಗೆ ಸಿಗಬೇಕಾದ್ದೇ. ಹೋದಲ್ಲೆಲ್ಲ ನಕ್ಕು ಕಳಿಸಿದರು.

ಕೊನೆಗೆ ಒಂದು ಬೇಡಿಕೆ, ಕೇಳುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಒಂದು ಸಲ ಬಂದು ಅಜ್ಜಿಯನ್ನು ಮಾತಾಡಿಸು. ಓದು ಬರಹ ಇಲ್ಲದ ಮುದುಕಿ, ತಿಳಿಯದೆ ಒಂದು ಮಾತು ಹೇಳಿ ಹಾಳೆಗೆ ಹತ್ತಿಸಿಬಿಟ್ಟಳು, ಬೇಕೆಂದು ಯಾರಿಗೂ ಕೆಡುಕು ಮಾಡಿದವಳಲ್ಲ. ಆ ಮಾತನ್ನು ಮನ್ನಿಸಿದೆ ಎಂದು ನಿನ್ನ ಬಾಯಲ್ಲಿ ಕೇಳಿದರೆ ಅವಳು ಮುಷ್ಟಿ ಬಿಚ್ಚುತ್ತಾಳೆ. ಬೇರೆ ಯಾರು ಹೇಳಿದರೂ ಬಿಚ್ಚುವುದಿಲ್ಲ. ಹೋಗ್ತಾ ಹೋಗ್ತಾ ಅವಳ ಕೈ ಹಗುರಾಗುತ್ತಿದೆ ಗಂಗಿ, ಹಿಡಿದುಕೊಂಡರೆ ಗೊತ್ತಾಗುತ್ತದೆ.

ನನ್ನನ್ನು ಮಾತಾಡಿಸಬೇಕೆಂದಿಲ್ಲ. ನೀನು ಬರುವ ಹೊತ್ತಿಗೆ ನಾನು ತೋಟದ ಕಡೆ ಹೋಗಿರುತ್ತೇನೆ.

ಇಂತು, ನಿನ್ನ ಸ್ನೇಹಕ್ಕೂ ನಿನ್ನ ಸಿಟ್ಟಿಗೂ ಸಮಾನವಾಗಿ ಪಾತ್ರಳಾದ,
ನಿಸರ್ಗ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿರುವುದು: ಆರನೇ ನಿಯಮ ಅಜ್ಜಿ ಹೇಳಿದ್ದಲ್ಲ. ಐದು ನಿಯಮ ಬರೆದ ಮೇಲೆ ಹಾಳೆಯ ಕೆಳಗೆ ಎರಡು ಸಾಲಿನ ಜಾಗ ಉಳಿದಿತ್ತು. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ತುಂಬಿಸಿದೆ.